ಗ್ರಾಹಕ ಕಳಿಸಿದ್ದಕ್ಕೆ ಲೈನು ಕೊಟ್ಟವರು ಹೊಣೆಯೇ?

ಪ್ರಶ್ನೆ: ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಮೊದಲಿನಿಂದ ಕೇಬಲ್ ಟಿವಿ ನಡೆಸುತ್ತಿದ್ದೆ. ಕೇಬಲ್ ವ್ಯಾಪಾರ ಇಳಿದ ಮೇಲೆ ಬೆಂಗಳೂರಿನ ಕಂಪನಿಯೊಂದರ ಫ್ರಾಂಚೈಸಿ ತೆಗೆದುಕೊಂಡು ಫೈಬರ್ ಇಂಟರ್ನೆಟ್ ಕೊಡುತ್ತಿದ್ದೇನೆ. ಸುಮಾರು 600 ಕನೆಕ್ಷನ್ ಇವೆ. ಹೋದ ವಾರ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಯಿಂದ ನೋಟಿಸ್ ಬಂದಿದೆ. ಯಾರೋ ನಕಲಿ ಇನ್‌ಸ್ಟಾಗ್ರಾಂ ಖಾತೆ ಮಾಡಿ ಒಬ್ಬ ಕಾಲೇಜು ಹುಡುಗಿಯ ಫೋಟೊ ತಿರುಚಿ ಹಾಕಿದ್ದಾರೆ, ಐಪಿ ವಿಳಾಸ ನಿಮ್ಮದು, ಗ್ರಾಹಕ ಯಾರೆಂದು ತಿಳಿಸಿ ಎಂದಿದೆ. ಇದೇ ಹೊತ್ತಿಗೆ ಮುಂಬೈನ ವಕೀಲರ ಹೆಸರಿನಲ್ಲಿ ಒಂದು ಇಮೇಲ್ ಬಂತು. ನಿಮ್ಮ ಗ್ರಾಹಕರು ಟೊರೆಂಟ್‌ನಲ್ಲಿ ನಮ್ಮ ಸಿನಿಮಾ ಇಳಿಸಿದ್ದಾರೆ, 2 ಲಕ್ಷ ಪರಿಹಾರ ಕೊಡಿ, ಇಲ್ಲವಾದರೆ ಕೇಸು ಎಂದು. ನನ್ನ ಭಾಮೈದ "ಲಾಗ್ ಎಲ್ಲ ಅಳಿಸಿಬಿಡು, ದಾಖಲೆ ಇಲ್ಲದಿದ್ದರೆ ತಲೆನೋವೂ ಇಲ್ಲ" ಅನ್ನುತ್ತಾನೆ. ನಮ್ಮೂರಿನ ಮುಖಂಡರೊಬ್ಬರು "ನಿನ್ನ ಲೈನಲ್ಲಿ ಯಾರು ಏನು ನೋಡ್ತಾರೆ ಅಂತ ನೀನೇ ಗಮನ ಇಡಬೇಕು" ಎಂದರು. ಒಂದು ಪಿಜಿಗೂ ಲೈನು ಕೊಟ್ಟಿದ್ದೇನೆ, ಅಲ್ಲಿ 40 ಹುಡುಗರಿದ್ದಾರೆ. ಗ್ರಾಹಕರು ಮಾಡಿದ್ದಕ್ಕೆ ನಾನು ಜೈಲಿಗೆ ಹೋಗಬೇಕಾ? ಹೆಸರು, ಊರು ಹಾಕಬೇಡಿ.

ಉತ್ತರ: ಗ್ರಾಹಕ ನಿಮ್ಮ ಲೈನಿನಲ್ಲಿ ಕೆಟ್ಟದ್ದೇನೋ ಕಳಿಸಿದ ಎಂಬ ಒಂದೇ ಕಾರಣಕ್ಕೆ ನೀವು ಅಪರಾಧಿ ಆಗುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಆ ಲೈನು ಯಾರ ಹೆಸರಿನಲ್ಲಿತ್ತು ಎಂದು ಹೇಳಲು ನಿಮ್ಮಿಂದ ಆಗದಿದ್ದರೆ, ಅಥವಾ ತಪ್ಪಾಗಿ ಹೇಳಿದರೆ, ತೊಂದರೆ ಅಲ್ಲಿಂದ ಶುರುವಾಗುತ್ತದೆ. ನನ್ನ ಕಚೇರಿಗೆ ಬರುವ ಸಣ್ಣ ಆಪರೇಟರುಗಳಲ್ಲಿ ಹೆಚ್ಚಿನವರು ಹೆದರುವುದು ಮೊದಲನೆಯದಕ್ಕೆ, ಸಿಕ್ಕಿಬೀಳುವುದು ಎರಡನೆಯದರಲ್ಲಿ.

ನಿಮ್ಮನ್ನು ಕಾಯುವುದು 2000ನೇ ಇಸವಿಯ ಐಟಿ ಕಾಯ್ದೆಯ 79ನೇ ಸೆಕ್ಷನ್. ಬೇರೆಯವರ ಮಾಹಿತಿಯನ್ನು ಸಾಗಿಸುವ, ಇಟ್ಟುಕೊಳ್ಳುವ, ಸಂಪರ್ಕ ಕೊಡುವ ಎಲ್ಲರನ್ನೂ ಈ ಕಾಯ್ದೆ 'ಮಧ್ಯವರ್ತಿ' ಎಂದು ಕರೆಯುತ್ತದೆ. ಇಂಟರ್ನೆಟ್ ಕಂಪನಿ, ಟೆಲಿಕಾಂ ಕಂಪನಿ, ಸರ್ಚ್ ಎಂಜಿನ್, ಆನ್‌ಲೈನ್ ಮಾರುಕಟ್ಟೆ, ಸೈಬರ್ ಕೆಫೆ, ಎಲ್ಲವೂ ಆ ಪಟ್ಟಿಯಲ್ಲಿವೆ. ಇನ್ನೊಬ್ಬರ ಪರವಾಗಿ ಮಾಹಿತಿ ಸಾಗಿಸುವ "ಯಾವುದೇ ವ್ಯಕ್ತಿ" ಎಂಬ ಮಾತೂ ಇರುವುದರಿಂದ, ಫ್ರಾಂಚೈಸಿ ನಡೆಸುವ ನೀವೂ ಅದರೊಳಗೆ ಬರುತ್ತೀರಿ ಎಂದೇ ನಾನು ವಾದಿಸುತ್ತೇನೆ. ಮಧ್ಯವರ್ತಿಯ ಕೆಲಸ ಬರೀ ಸಂಪರ್ಕ ಕೊಡುವುದಾಗಿದ್ದರೆ, ಮತ್ತು ಅವನು ಕಾನೂನು ಹೇಳಿದ ಎಚ್ಚರ ವಹಿಸಿದ್ದರೆ, ಗ್ರಾಹಕರ ಮಾಹಿತಿಗೆ ಅವನು ಹೊಣೆಯಲ್ಲ.

ಈ ರಕ್ಷಣೆ ಮೊದಲು ಇಷ್ಟು ಗಟ್ಟಿ ಇರಲಿಲ್ಲ. 2004ರ ನವೆಂಬರಿನಲ್ಲಿ ಬಾಜೀ ಡಾಟ್ ಕಾಮ್ ಎಂಬ ಮಾರಾಟದ ತಾಣದಲ್ಲಿ ಯಾರೋ ಒಂದು ಅಶ್ಲೀಲ ವಿಡಿಯೊ ಮಾರಾಟಕ್ಕಿಟ್ಟ. ಬಂಧನವಾಗಿದ್ದು ಇಟ್ಟವನದ್ದು ಮಾತ್ರ ಅಲ್ಲ, ತಾಣದ ಮುಖ್ಯಸ್ಥ ಅವನೀಶ್ ಬಜಾಜ್ ಅವರದ್ದೂ. ಆ ಪ್ರಕರಣದಿಂದ ಅವರು ಪೂರ್ತಿ ಹೊರಬಂದಿದ್ದು 2012ರಲ್ಲಿ, ಸುಪ್ರೀಂ ಕೋರ್ಟಿನಲ್ಲಿ. ಆ ಗದ್ದಲ ಆದ ಮೇಲೆಯೇ 79ನೇ ಸೆಕ್ಷನ್ ಅನ್ನು 2008ರಲ್ಲಿ ತಿದ್ದಿ ಬರೆದರು. ಅದು ಜಾರಿಗೆ ಬಂದಿದ್ದು 2009ರ ಅಕ್ಟೋಬರ್ 27ಕ್ಕೆ. ಈಗಲೂ ಕೆಲವರು ಆ ಹಳೆಯ ಬಂಧನದ ಕಥೆ ಹೇಳಿ ಆಪರೇಟರುಗಳನ್ನು ಹೆದರಿಸುವುದುಂಟು. ಅದು ಹಳೆಯ ಕಾನೂನಿನ ಕಾಲದ ಮಾತು.

ಆಮೇಲೆ ಬಂದಿದ್ದು ಶ್ರೇಯಾ ಸಿಂಘಲ್ ಪ್ರಕರಣ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಆನ್‌ಲೈನ್ ಬರಹಕ್ಕೆ ಜೈಲಿಗೆ ಹಾಕಲು ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದು ಮಾಡಿದ್ದು ಎಲ್ಲರಿಗೂ ನೆನಪಿದೆ. ಅದೇ ತೀರ್ಪಿನಲ್ಲಿ ನಿಮಗೆ ಬೇಕಾದ ಇನ್ನೊಂದು ಮಾತೂ ಇದೆ. ಯಾವುದೋ ವಿಷಯ ಕಾನೂನುಬಾಹಿರ ಎಂದು ಮಧ್ಯವರ್ತಿಗೆ "ತಿಳಿದಿತ್ತು" ಎನ್ನಬೇಕಾದರೆ ಕೋರ್ಟಿನ ಆದೇಶ ಬಂದಿರಬೇಕು, ಇಲ್ಲವೇ ಸರ್ಕಾರ ಅಥವಾ ಅದರ ಸಂಸ್ಥೆ ತಿಳಿಸಿರಬೇಕು. ಪಕ್ಕದ ಮನೆಯವರು ದೂರು ಹೇಳಿದರು, ಯಾರೋ ಸ್ಕ್ರೀನ್‌ಶಾಟ್ ಕಳಿಸಿದರು ಎಂದ ಮಾತ್ರಕ್ಕೆ ಯಾವುದು ಸರಿ, ಯಾವುದು ತಪ್ಪು ಎಂದು ತೀರ್ಮಾನಿಸುವ ನ್ಯಾಯಾಧೀಶರಾಗಿ ನೀವು ಕೂರಬೇಕಿಲ್ಲ.

ಇದಕ್ಕೆ ಒಂದು ದೊಡ್ಡ ಅಪವಾದವಿದೆ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ, ವಿಡಿಯೊ ವಿಷಯದಲ್ಲಿ ಈ ಸಡಿಲಿಕೆ ಇಲ್ಲ. ಪೋಕ್ಸೊ ಕಾಯ್ದೆಯ ಪ್ರಕಾರ ಅಂಥದ್ದು ಗಮನಕ್ಕೆ ಬಂದರೆ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಆ ಹೊಣೆಯನ್ನೂ ಪಾಲಿಸದ ಮಧ್ಯವರ್ತಿ 79ರ ಆಶ್ರಯ ಕೇಳುವಂತಿಲ್ಲ ಎಂದು 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ ನಿಮ್ಮ ನೋಟಿಸಿನಲ್ಲಿರುವ ಹುಡುಗಿಗೆ 18 ತುಂಬಿದೆಯಾ ಎಂದು ನೋಡಿ. ಕಾಲೇಜು ಅಂದರೆ ಪಿಯುಸಿಯೂ ಆಗಬಹುದು ಅಲ್ವಾ? ವಯಸ್ಸು ಹದಿನೆಂಟಕ್ಕಿಂತ ಕಡಿಮೆ ಇದ್ದರೆ ಉತ್ತರ ಕೊಡುವುದರಲ್ಲಿ ಒಂದು ದಿನವೂ ತಡ ಬೇಡ. ಆ ಫೋಟೊಗಳನ್ನು "ನೋಡೋಣ ಏನಿದೆ" ಎಂದು ಇಳಿಸಿಕೊಳ್ಳುವುದೂ ಬೇಡ.

ಈಗ ನೋಟಿಸಿಗೆ ಬರೋಣ. ಪೊಲೀಸ್ ನೋಟಿಸ್ ಕಂಡ ಕೂಡಲೇ ಕೈ ನಡುಗುತ್ತದೆ, ನಿಜ. ಆದರೆ ಮೊದಲು ನೋಡಬೇಕಾಗಿರುವುದು ಅದರ ಮೇಲಿನ ಸೆಕ್ಷನ್ ಸಂಖ್ಯೆ. 2024ರ ಜುಲೈ 1ರಿಂದ ಪೊಲೀಸ್ ತನಿಖೆಯ ಕ್ರಮ ಹೇಳುವ ಹಳೆಯ ಸಿಆರ್‌ಪಿಸಿ ಕಾನೂನು ಹೋಗಿ ಅದರ ಜಾಗಕ್ಕೆ ಬಿಎನ್‌ಎಸ್‌ಎಸ್ ಬಂದಿದೆ. 94ನೇ ಸೆಕ್ಷನ್ ಎಂದಿದ್ದರೆ ದಾಖಲೆ ಕೊಡಿ ಎಂದಷ್ಟೇ ಅರ್ಥ. 179 ಎಂದಿದ್ದರೆ ಸಾಕ್ಷಿಯಾಗಿ ಬಂದು ಹೇಳಿಕೆ ಕೊಡಿ ಎಂದು. 35(3) ಎಂದಿದ್ದರೆ ಮಾತ್ರ ನಿಮ್ಮ ಮೇಲೇ ಅನುಮಾನ ಇದೆ ಎಂದು ಲೆಕ್ಕ. ಆಗ ವಕೀಲರ ಜೊತೆ ಮಾತಾಡದೆ ಠಾಣೆಗೆ ಹೋಗಬೇಡಿ, ಆದರೆ ಹೋಗದೇ ತಪ್ಪಿಸಿಕೊಳ್ಳಲೂ ಬೇಡಿ. ನೋಟಿಸಿನಂತೆ ನಡೆದುಕೊಂಡವರನ್ನು ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ತಪ್ಪಿಸಿಕೊಂಡರೆ ಆ ರಕ್ಷಣೆ ಹೋಗುತ್ತದೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು 94 ಇರಬೇಕು. ಆಪರೇಟರುಗಳಿಗೆ ಬರುವ ನೋಟಿಸುಗಳಲ್ಲಿ ಹೆಚ್ಚಿನವು ಅವೇ.

79ನೇ ಸೆಕ್ಷನ್ ನಿಮ್ಮನ್ನು ಹೊಣೆಯಿಂದ ಕಾಯುತ್ತದೆ, ಮಾಹಿತಿ ಕೊಡುವ ಕೆಲಸದಿಂದ ಅಲ್ಲ. "ನಾನು ಮಧ್ಯವರ್ತಿ, ನನ್ನನ್ನು ಕೇಳಬೇಡಿ" ಎನ್ನುವ ಉತ್ತರ ಬರೆಯಿಸಿಕೊಂಡು ಬಂದವರನ್ನು ಕಂಡಿದ್ದೇನೆ. ಅದು ಇಲ್ಲದ ಅನುಮಾನ ಹುಟ್ಟಿಸುವ ದಾರಿ. 2021ರ ಐಟಿ ನಿಯಮಗಳ ಪ್ರಕಾರ ಅಧಿಕಾರ ಇರುವ ತನಿಖಾ ಸಂಸ್ಥೆ ಬರವಣಿಗೆಯಲ್ಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನಿಮಗೆ ಬಂದು ವಾರವಾಗಿದೆ. ಮಾಹಿತಿ ಸಿದ್ಧವಿಲ್ಲದಿದ್ದರೂ ಪರವಾಗಿಲ್ಲ, ನೋಟಿಸ್ ತಲುಪಿದೆ, ದಾಖಲೆ ತೆಗೆಸುತ್ತಿದ್ದೇವೆ, ಇಂಥ ದಿನದೊಳಗೆ ಕೊಡುತ್ತೇವೆ ಎಂದು ಇವತ್ತೇ ಬರೆದು ಕೊಡಿ.

ಇನ್ನು ಈ ಇಡೀ ವ್ಯವಹಾರದಲ್ಲಿ ನಿಜವಾಗಿ ಅಪಾಯ ಇರುವ ಜಾಗ. ಪೊಲೀಸರಿಗೆ ಇನ್‌ಸ್ಟಾಗ್ರಾಂ ಕಂಪನಿ ಕೊಟ್ಟಿದ್ದು ಒಂದು ಐಪಿ ವಿಳಾಸ ಮತ್ತು ಒಂದು ಸಮಯ. ಇದರಿಂದ ಒಬ್ಬನೇ ಗ್ರಾಹಕ ಸಿಗುತ್ತಾನೆ ಎಂದು ಎಲ್ಲರೂ ತಿಳಿದಿದ್ದಾರೆ. ಸಿಗುವುದಿಲ್ಲ. ಹಳೆಯ ಮಾದರಿಯ ಐಪಿ ವಿಳಾಸಗಳಿಗೆ ಬರ ಇರುವುದರಿಂದ, ನಿಮ್ಮಂಥ ಜಾಲಗಳಲ್ಲಿ ಒಂದೇ ಹೊರ ಐಪಿಯನ್ನು ಒಂದೇ ಹೊತ್ತಿನಲ್ಲಿ ಹತ್ತಾರು, ಕೆಲವು ಕಡೆ ನೂರಾರು ಮನೆಗಳು ಹಂಚಿಕೊಂಡಿರುತ್ತವೆ. ನ್ಯಾಟ್ ಅಂತೀರಲ್ಲ, ಅದೇ. ಯಾವ ಮನೆ ಎಂದು ಬೇರೆ ಮಾಡಿ ತೋರಿಸುವುದು ಪೋರ್ಟ್ ಸಂಖ್ಯೆ. ನೋಟಿಸಿನಲ್ಲಿ ಐಪಿ ಇದೆ, ಸಮಯ ಇದೆ, ಪೋರ್ಟ್ ಇಲ್ಲ ಎಂದಾದರೆ ನೀವು ಕೊಡಬಹುದಾದ ಪ್ರಾಮಾಣಿಕ ಉತ್ತರ ಇಷ್ಟೇ: ಆ ಹೊತ್ತಿನಲ್ಲಿ ಆ ಐಪಿಯಲ್ಲಿ ಇಷ್ಟು ಗ್ರಾಹಕರಿದ್ದರು, ಪೋರ್ಟ್ ಸಂಖ್ಯೆ ಕೊಟ್ಟರೆ ಒಬ್ಬರನ್ನು ಗುರುತಿಸಬಹುದು. "ನನಗೆ ಆ ಹುಡುಗನ ಮೇಲೇ ಡೌಟು" ಎಂದು ನಿಮ್ಮ ಊಹೆ ಸೇರಿಸಬೇಡಿ.

ಎರಡನೆಯದು ಸಮಯ. ಹೊರದೇಶದ ಕಂಪನಿಗಳು ಸಾಮಾನ್ಯವಾಗಿ ಸಮಯ ಕೊಡುವುದು ಯುಟಿಸಿಯಲ್ಲಿ, ಅಂದರೆ ವಿಶ್ವ ಕಾಲಮಾನದಲ್ಲಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅವರ ದಾಖಲೆಯಲ್ಲಿ 10ನೇ ತಾರೀಕು 18:42:10 ಎಂದಿದ್ದರೆ, ನಮ್ಮಲ್ಲಿ ಅದು 11ನೇ ತಾರೀಕು ರಾತ್ರಿ 12 ಗಂಟೆ 12 ನಿಮಿಷ. ತಾರೀಕೇ ಬದಲಾಯಿತು. ಠಾಣೆಯಲ್ಲಿ ನೋಟಿಸ್ ಟೈಪ್ ಮಾಡುವಾಗ 'ಯುಟಿಸಿ' ಎಂಬ ಮೂರಕ್ಷರ ಬಿಟ್ಟುಹೋದರೆ, ನೀವು ಸಂಜೆ 6:42ರ ಲಾಗ್ ತೆಗೆದು ಬೇರೆ ಯಾರದ್ದೋ ಮನೆ ಬಾಗಿಲಿಗೆ ಪೊಲೀಸರನ್ನು ಕಳಿಸುತ್ತೀರಿ. ಇದು ಬರೀ ಲೆಕ್ಕದ ಹೆದರಿಕೆ ಅಲ್ಲ. 2007ರಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಆರ್ಕುಟ್ ಎಂಬ ಆಗಿನ ಸಾಮಾಜಿಕ ಜಾಲತಾಣದಲ್ಲಿ ಶಿವಾಜಿಯನ್ನು ಅವಮಾನಿಸಿದ ಚಿತ್ರ ಹಾಕಿದ ಆರೋಪದ ಮೇಲೆ ಪುಣೆ ಪೊಲೀಸರು ಬಂಧಿಸಿದರು. ಇಂಟರ್ನೆಟ್ ಕೊಟ್ಟ ಕಂಪನಿ ತೋರಿಸಿದ ಗ್ರಾಹಕನ ವಿವರವೇ ತಪ್ಪಾಗಿತ್ತು. ಏನೂ ಮಾಡದ ಮನುಷ್ಯ ಸುಮಾರು 50 ದಿನ ಜೈಲಿನಲ್ಲಿ ಕಳೆದರು. ಇಂಥ ತಪ್ಪಿಗೆ 79ನೇ ಸೆಕ್ಷನ್ ಮುಂದಿಟ್ಟುಕೊಂಡು ಪಾರಾಗಲು ಆಗುವುದಿಲ್ಲ. ಅದು ಗ್ರಾಹಕನ ಮಾಹಿತಿಗೆ ಸಿಗುವ ರಕ್ಷಣೆ. ನೀವು ಪೊಲೀಸರಿಗೆ ಬರೆದುಕೊಟ್ಟ ಉತ್ತರ ನಿಮ್ಮದೇ ಮಾಹಿತಿ.

ಆದ್ದರಿಂದ ಉತ್ತರದಲ್ಲಿ ನೀವು ನೋಡಿದ ಸಮಯ ಯಾವ ಲೆಕ್ಕದ್ದು ಎಂದು ಬಿಡಿಸಿ ಬರೆಯಿರಿ. "ನೋಟಿಸಿನಲ್ಲಿರುವ ಸಮಯವನ್ನು ಭಾರತೀಯ ಕಾಲಮಾನ ಎಂದು ತಿಳಿದು ಹುಡುಕಲಾಗಿದೆ. ಅದು ಯುಟಿಸಿ ಆಗಿದ್ದರೆ ದಯವಿಟ್ಟು ತಿಳಿಸಿ" ಎಂಬ ಎರಡು ಸಾಲು ಸಾಕು. ನಿಮ್ಮ ರೂಟರಿನ ಗಡಿಯಾರವನ್ನೂ ನೋಡಿ. ಕೆಲವು ರೂಟರುಗಳು ಕರೆಂಟು ಹೋಗಿ ಬಂದರೆ 1970ರ ಜನವರಿ 1ಕ್ಕೆ ಹೋಗಿ ಕೂರುತ್ತವೆ. ಆಮೇಲೆ ಬರೆದ ಲಾಗ್‌ಗೆ ಬೆಲೆಯೇ ಇಲ್ಲ. ಸರ್ಕಾರದ ಸೈಬರ್ ಭದ್ರತೆಯ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದಲ್ಲಿ ಎಲ್ಲ ಯಂತ್ರಗಳ ಗಡಿಯಾರವನ್ನೂ ಎನ್‌ಟಿಪಿ (ಜಾಲದಿಂದಲೇ ಸರಿಯಾದ ಸಮಯ ಪಡೆಯುವ ವ್ಯವಸ್ಥೆ) ಮೂಲಕ ಹೊಂದಿಸಿರಬೇಕು ಎಂದು ಹೇಳಿದೆ. ಐದು ನಿಮಿಷದ ಕೆಲಸ. ಆದರೂ ಎಷ್ಟೋ ಕಂಟ್ರೋಲ್ ರೂಮುಗಳಲ್ಲಿ ಆಗಿರುವುದಿಲ್ಲ.

ಲಾಗ್ ಕೊಡುವಾಗ ಜೊತೆಗೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಮಾಣಪತ್ರ ಕೇಳುತ್ತಾರೆ. ಹಿಂದೆ 65ಬಿ ಎನ್ನುತ್ತಿದ್ದರಲ್ಲ, ಅದರ ಹೊಸ ರೂಪ. ಈ ಯಂತ್ರದಿಂದ, ಇಂಥವರು, ಹೀಗೆ ತೆಗೆದ ದಾಖಲೆ ಎಂದು ಸಹಿ ಹಾಕುವ ಪತ್ರ. ನೀವು ನೋಡಿರದ ಸರ್ವರಿನ ದಾಖಲೆಗೆ ನೀವು ಸಹಿ ಹಾಕಬೇಡಿ. ಬೆಂಗಳೂರಿನ ಕಂಪನಿಯ ಸರ್ವರಿನಿಂದ ಬಂದ ಲಾಗ್‌ಗೆ ಅವರೇ ಸಹಿ ಮಾಡಲಿ. ಮುಂದೆ ಕೋರ್ಟಿನಲ್ಲಿ ಅಡ್ಡ ಸವಾಲಿಗೆ ನಿಲ್ಲಬೇಕಾದವರು ಸಹಿ ಮಾಡಿದವರೇ.

ನಿಮ್ಮ ಭಾಮೈದನ ಸಲಹೆ ನಮ್ಮ ಕಡೆ ಬಹಳ ಜನಪ್ರಿಯ. ಕೆಟ್ಟ ಸಲಹೆಯೂ ಹೌದು. ಇಂಟರ್ನೆಟ್ ಕೊಡುವ ಲೈಸೆನ್ಸಿನ ಷರತ್ತಿನಲ್ಲೇ ಈ ದಾಖಲೆಗಳನ್ನು ಇಡಬೇಕು ಎಂದಿದೆ. ಮೊದಲು ಒಂದು ವರ್ಷ ಇತ್ತು. 2021ರ ಡಿಸೆಂಬರಿನಲ್ಲಿ ಅದನ್ನು ಕನಿಷ್ಠ ಎರಡು ವರ್ಷ ಮಾಡಿದರು. ಸರ್ಟ್-ಇನ್ ನಿರ್ದೇಶನದಂತೆ ಯಂತ್ರಗಳ ಲಾಗ್ 180 ದಿನ ಭಾರತದೊಳಗೇ ಇರಬೇಕು. ಲಾಗ್ ಇಲ್ಲದಿರುವುದೇ ಒಂದು ತಪ್ಪು. ಅದಕ್ಕಿಂತ ದೊಡ್ಡದು, ನೋಟಿಸ್ ಕೈಗೆ ಬಂದ ಮೇಲೆ ಅಳಿಸುವುದು. ಕೋರ್ಟಿಗೋ ಅಧಿಕಾರಿಗೋ ಸಿಗಬಾರದು ಎಂದು ದಾಖಲೆ ನಾಶ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 241ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು ಆಗಬಹುದು. ಇಷ್ಟು ಹೊತ್ತು ಸಾಕ್ಷಿಯಾಗಿದ್ದ ನೀವು ಒಂದು ಡಿಲೀಟ್ ಒತ್ತಿ ಆರೋಪಿ ಆಗುತ್ತೀರಿ. ಭಾಮೈದ ಜೊತೆಗೆ ಬರುವುದಿಲ್ಲ.

ಮುಖಂಡರು ಹೇಳಿದ್ದು ಇದರ ಇನ್ನೊಂದು ತುದಿ. ಯಾರು ಏನು ನೋಡುತ್ತಾರೆ ಎಂದು ಗಮನ ಇಡುವುದು ನಿಮ್ಮ ಕರ್ತವ್ಯವೂ ಅಲ್ಲ, ಹಕ್ಕೂ ಅಲ್ಲ. ಮೊದಲಿಗೆ, ಈಗ ಹೆಚ್ಚಿನ ತಾಣಗಳು ಗೂಢಲಿಪಿಯಲ್ಲಿ ನಡೆಯುವುದರಿಂದ ನಿಮಗೆ ಕಾಣುವುದು ತಾಣದ ಹೆಸರು, ಎಷ್ಟು ಡೇಟಾ ಹೋಯಿತು ಎಂಬುದು, ಅಷ್ಟೇ. ವಾಟ್ಸಾಪಿನಲ್ಲಿ ಏನು ಹೋಯಿತು ಎಂದು ನಿಮಗೆ ತಿಳಿಯುವುದೇ ಇಲ್ಲ. ತಿಳಿಯುವಂತೆ ಏನಾದರೂ ಕಸರತ್ತು ಮಾಡಿದರೆ ಅದು ಕಳ್ಳ ಕಿವಿ ಇಟ್ಟ ಹಾಗೆ. 2023ರ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್‌ನಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದಿದೆ. ಗ್ರಾಹಕರ ವಿವರವನ್ನು ಅವರ ಒಪ್ಪಿಗೆ ಇಲ್ಲದೆ, ಒಪ್ಪಂದ ಮುರಿದು, ಲಾಭಕ್ಕೋ ಹಾನಿ ಮಾಡಲೋ ಹೊರಗೆ ಕೊಟ್ಟರೆ ಐಟಿ ಕಾಯ್ದೆಯ 72ಎ ಇದೆ. ಅದರಲ್ಲೂ 3 ವರ್ಷ. ಮುಖಂಡರು ಮುಂದಿನ ಸಲ "ಆ ಮನೆಯವರು ಏನು ನೋಡ್ತಾರೆ ಹೇಳಪ್ಪ" ಎಂದು ಕೇಳಿದರೆ, "ಅಣ್ಣ, ಅದು ನಮಗೆ ಕಾಣಲ್ಲ" ಎಂದು ಹೇಳಿ. ಸುಳ್ಳೇನೂ ಅಲ್ಲ.

ಪೊಲೀಸರಿಗೂ ಇದೇ ಮಿತಿ ಇದೆ. ಹಿಂದಿನ ದಾಖಲೆ ಕೇಳಲು ಠಾಣಾಧಿಕಾರಿಯ ಬರವಣಿಗೆಯ ನೋಟಿಸ್ ಸಾಕು. ಆದರೆ ಮುಂದೆ ಆ ಗ್ರಾಹಕ ಏನು ಮಾಡುತ್ತಾನೆ ಎಂದು ನೇರವಾಗಿ ಕದ್ದು ನೋಡಬೇಕಾದರೆ ಗೃಹ ಇಲಾಖೆಯ ಕಾರ್ಯದರ್ಶಿ ಮಟ್ಟದಿಂದ ಆದೇಶ ಬೇಕು. ಫೋನಿನಲ್ಲಿ, ವಾಟ್ಸಾಪಿನಲ್ಲಿ "ಅರ್ಜೆಂಟು, ಆ ನಂಬರಿನವನ ಅಡ್ರೆಸ್ ಕಳಿಸ್ರಿ" ಎಂದು ಬಂದರೆ, ಸರ್ಕಾರಿ ಇಮೇಲಿನಿಂದ ಕಳಿಸಿ ಎಂದು ಕೇಳಿ. ಕೇಳಿದರೆ ಸಾಹೇಬರು ಬೇಜಾರಾಗುತ್ತಾರೆ ಎಂಬ ಅಳುಕು ಬೇಡ. ಪೊಲೀಸ್ ಹೆಸರು ಹೇಳಿ ವಂಚಿಸುವವರ ಕಾಲ ಇದು. ಠಾಣೆಗೆ ತಿರುಗಿ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುವುದನ್ನು ಯಾವ ಒಳ್ಳೆಯ ಅಧಿಕಾರಿಯೂ ತಪ್ಪು ಎನ್ನುವುದಿಲ್ಲ.

ಆದರೆ ತಾಣ ನಿರ್ಬಂಧಿಸುವ ಆದೇಶ ಬಂದರೆ ಅದು ಬೇರೆ ಮಾತು. ಐಟಿ ಕಾಯ್ದೆಯ 69ಎ ಪ್ರಕಾರ ಬಂದ ಆದೇಶವನ್ನು ಪಾಲಿಸದ ಮಧ್ಯವರ್ತಿಗೆ 7 ವರ್ಷದವರೆಗೆ ಜೈಲು ಆಗಬಹುದು. ಸಾಮಾನ್ಯವಾಗಿ ಇದು ದೂರಸಂಪರ್ಕ ಇಲಾಖೆಯಿಂದ ಲೈಸೆನ್ಸ್ ಇರುವ ಕಂಪನಿಗೆ ಬರುತ್ತದೆ, ಅವರ ಕಡೆಯಿಂದಲೇ ತಾಣ ನಿಲ್ಲುತ್ತದೆ. ನಿಮ್ಮೂರಿನ ಜಾಲದಲ್ಲಿ ನೀವೇ ಬೇರೆ ಡಿಎನ್‌ಎಸ್ (ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿ ಕೊಡುವ ವ್ಯವಸ್ಥೆ) ಹಾಕಿಕೊಂಡು ಅದನ್ನು ದಾಟಿಸುತ್ತಿದ್ದರೆ, ಅದನ್ನು ನಿಲ್ಲಿಸಿ. ಆದೇಶ ಸರಿಯೋ ತಪ್ಪೋ ಎಂದು ಜಗಳ ಮಾಡುವ ಶಕ್ತಿ ದೊಡ್ಡವರಿಗಿದೆ. ಅವರಿಗೂ ಅದು ಸುಲಭವಾಗಿಲ್ಲ. ಟ್ವಿಟರ್ ಕಂಪನಿ ಇಂಥ ಆದೇಶಗಳ ವಿರುದ್ಧ ನಮ್ಮ ಹೈಕೋರ್ಟಿಗೆ ಹೋಯಿತು. 2023ರ ಜೂನ್ 30ರಂದು ಅರ್ಜಿ ವಜಾ ಆಯಿತು, ಮೇಲೆ 50 ಲಕ್ಷ ರೂಪಾಯಿ ದಂಡವೂ ಬಿತ್ತು.

ಈಗ ಮುಂಬೈ ಇಮೇಲ್. ಖಾಸಗಿ ವಕೀಲರ ಪತ್ರ ಕೋರ್ಟಿನ ಆದೇಶ ಅಲ್ಲ. ಟೊರೆಂಟ್‌ನಲ್ಲಿ ಸಿನಿಮಾ ಹೋಗುವಾಗ ನಿಮ್ಮ ತಂತಿಯಲ್ಲಿ ಅದು ಕ್ಷಣ ಹೊತ್ತು ಹಾದು ಹೋಗುತ್ತದೆ. ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಹೀಗೆ ಸಾಗಣೆಯ ತಾಂತ್ರಿಕ ಕೆಲಸದ ಭಾಗವಾಗಿ ಆಗುವ ತಾತ್ಕಾಲಿಕ ಸಂಗ್ರಹವನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. ಕೃತಿಸ್ವಾಮ್ಯದ ವಿಷಯಕ್ಕೆ 79ರ ರಕ್ಷಣೆ ಇಲ್ಲವೇ ಇಲ್ಲ ಎಂದು ಕೆಲವರು ವಾದಿಸುತ್ತಿದ್ದರು. ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2016ರ ಡಿಸೆಂಬರಿನಲ್ಲಿ ಆ ವಾದವನ್ನು ಒಪ್ಪಲಿಲ್ಲ. ಸಿನಿಮಾದವರು ಕೋರ್ಟಿನಿಂದ ತಾಣಗಳ ಪಟ್ಟಿ ಸಮೇತ ಆದೇಶ ತಂದರೆ ಪಾಲಿಸಬೇಕು. ಇಮೇಲಿಗೆ 2 ಲಕ್ಷ ಕೊಡಬೇಕಿಲ್ಲ. ಗ್ರಾಹಕರ ಹೆಸರನ್ನಂತೂ ಕೊಡಲೇಬೇಡಿ, ಮೇಲೆ ಹೇಳಿದ 72ಎ ನೆನಪಿರಲಿ. ವಕೀಲರ ಹೆಸರು ನಿಜವೋ ಎಂದು ನೋಡಿ, ನಿಜವಾಗಿದ್ದರೆ ನಾಲ್ಕು ಸಾಲಿನ ಉತ್ತರ ಕೊಟ್ಟು, ಪ್ರತಿಯನ್ನು ಕಂಪನಿಗೆ ಕಳಿಸಿ. ಉತ್ತರವೇ ಕೊಡದೆ ಇರುವುದು ನನಗೆ ಇಷ್ಟವಿಲ್ಲ. ನಾಳೆ ಅವರು ನಿಜವಾಗಿ ಕೋರ್ಟಿಗೆ ಹೋದರೆ, ನಿಮ್ಮ ಮೌನವನ್ನೇ ಎತ್ತಿ ತೋರಿಸುತ್ತಾರೆ.

ಅಮೆರಿಕದ ಕಾಕ್ಸ್ ಕಂಪನಿಯ ಸುದ್ದಿ ಓದಿ ಗಾಬರಿಯಾಗಿ ಕೇಳುವವರೂ ಇದ್ದಾರೆ. ಗ್ರಾಹಕರು ಹಾಡು ಕದ್ದು ಇಳಿಸಿದ್ದಕ್ಕೆ ಇಂಟರ್ನೆಟ್ ಕೊಟ್ಟ ಆ ಕಂಪನಿ 100 ಕೋಟಿ ಡಾಲರ್ ಕೊಡಬೇಕು ಎಂದು 2019ರಲ್ಲಿ ಅಲ್ಲಿನ ಜ್ಯೂರಿ ಹೇಳಿತ್ತು. ಆ ಮೊತ್ತವನ್ನು ಮೇಲ್ಮನವಿ ಕೋರ್ಟು 2024ರಲ್ಲಿ ರದ್ದು ಮಾಡಿತು, ವಿಷಯ ಅಲ್ಲಿನ ಸುಪ್ರೀಂ ಕೋರ್ಟಿಗೂ ಹೋಯಿತು. ಮತ್ತೆ ಮತ್ತೆ ಕದಿಯುವ ಗ್ರಾಹಕರ ಲೈನು ಕಡಿಯುವ ನೀತಿ ಇರಬೇಕು ಎಂಬುದು ಅವರ ಕಾನೂನಿನ ಷರತ್ತು. ನಮ್ಮ ಸೆಕ್ಷನ್ 79ರಲ್ಲಿ ಅಂಥ ಮಾತಿಲ್ಲ. ಆ ಅಂಕಿ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ.

ನಿದ್ದೆ ಕೆಡಿಸಿಕೊಳ್ಳಬೇಕಾದ್ದು ಬೇರೆ ಇದೆ. ನಿಮ್ಮ ಪತ್ರದಲ್ಲಿ ಬರೆದಿಲ್ಲ, ಆದರೂ ಕೇಳುತ್ತೇನೆ. ನಿಮ್ಮ ಕಂಟ್ರೋಲ್ ರೂಮಿನಲ್ಲಿ ಸಿನಿಮಾ ತುಂಬಿದ ಸರ್ವರ್ ಇದೆಯಾ? ಕೇಬಲ್ ಕಾಲದಲ್ಲಿ ಲೋಕಲ್ ಚಾನೆಲ್‌ನಲ್ಲಿ ರಾತ್ರಿ ಹೊಸ ಸಿನಿಮಾ ಹಾಕುತ್ತಿದ್ದ ಅಭ್ಯಾಸ ಕೆಲವರಲ್ಲಿ ಫೈಬರ್ ಬಂದ ಮೇಲೂ ಹೋಗಿಲ್ಲ. "ನಮ್ಮ ಗ್ರಾಹಕರಿಗೆ ಸ್ಪೀಡಾಗಿ ಸಿಗಲಿ" ಎಂದು ಹಾರ್ಡ್ ಡಿಸ್ಕಿನಲ್ಲಿ ಸಿನಿಮಾ ತುಂಬಿ, ಒಳಗಿನ ವಿಳಾಸ ಕೊಟ್ಟು, ಅದನ್ನೇ ಆಫರ್ ಎಂದು ಹೇಳಿಕೊಳ್ಳುತ್ತಾರೆ. ಅಲ್ಲಿಗೆ ನೀವು ಸಾಗಿಸುವವರಲ್ಲ, ಆರಿಸಿ ಬಡಿಸುವವರು. 79ನೇ ಸೆಕ್ಷನ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್‌ಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, ಮತ್ತು ಅದು ಜಾಮೀನು ರಹಿತ ಅಪರಾಧ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿಯಾಗಿದೆ. ಯೂಟ್ಯೂಬಿನಂಥವರು ಅಧಿಕೃತವಾಗಿ ಇಡುವ, ವಿಡಿಯೊಗಳ ತಾತ್ಕಾಲಿಕ ಪ್ರತಿ ಹಿಡಿದಿಡುವ ಕ್ಯಾಶ್ (cache) ಯಂತ್ರದ ವಿಷಯ ಇದಲ್ಲ, ಅದು ತಾನಾಗಿ ನಡೆಯುವಂಥದ್ದು. ಗ್ರಾಹಕರು ತೆರೆದ ಪುಟಗಳ ನಡುವೆ ನಿಮ್ಮ ಜಾಹೀರಾತು ತೂರಿಸುವುದು ಕೂಡ ಇದೇ ಸಾಲಿಗೆ ಸೇರುತ್ತದೆ. ಹಾದು ಹೋಗುವುದನ್ನು ಮುಟ್ಟಿದಷ್ಟೂ ರಕ್ಷಣೆ ತೆಳುವಾಗುತ್ತದೆ.

ಪಿಜಿಯ ವಿಷಯಕ್ಕೆ ಬಂದರೆ, ನಿಮ್ಮ ಲಾಗ್ ನಿಲ್ಲುವುದು ಆ ಕಟ್ಟಡದ ರೂಟರಿನಲ್ಲಿ. ಒಳಗಿನ 40 ಹುಡುಗರಲ್ಲಿ ಯಾರು ಎಂದು ನಿಮಗೆ ತಿಳಿಯುವುದಿಲ್ಲ, ಪಿಜಿ ಮಾಲೀಕರಿಗೂ ತಿಳಿಯುವುದಿಲ್ಲ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟದ ಮೊದಲು ಹೋದ ಇಮೇಲ್ ನವಿ ಮುಂಬೈನ ಒಂದು ಫ್ಲ್ಯಾಟಿನ ವೈಫೈಯಿಂದ ಹೋಗಿತ್ತು. ಅಲ್ಲಿ ಬಾಡಿಗೆಗಿದ್ದ ಅಮೆರಿಕದವರೊಬ್ಬರ ಮೇಲೆ ತನಿಖೆ ನಡೆಯಿತು. ಅವರ ವೈಫೈಗೆ ಭದ್ರತೆ ಇರಲಿಲ್ಲ, ಬೇರೆಯವರು ಬಳಸಿಕೊಂಡಿದ್ದರು. ಮುಂದಿನ ವರ್ಷ ದೂರಸಂಪರ್ಕ ಇಲಾಖೆ ವೈಫೈ ಭದ್ರತೆಯ ಸೂಚನೆ ಹೊರಡಿಸಿತು. ಪಿಜಿಗೆ ಕೊಡುವಾಗ ಮನೆಯ ಪ್ಲಾನ್ ಕೊಡಬೇಡಿ. ಮಾಲೀಕರ ಜೊತೆ ಬೇರೆ ಅರ್ಜಿ ಮಾಡಿಸಿ, ಪ್ರತಿ ಹುಡುಗನಿಗೂ ಬೇರೆ ಲಾಗಿನ್ ಬರುವಂತೆ ಮಾಡಿ. ಸ್ವಲ್ಪ ಖರ್ಚು ಜಾಸ್ತಿ, ಹುಡುಗರು ಗೊಣಗುತ್ತಾರೆ. ಮಾಲೀಕರು ಒಳಗೆ ವೈಫೈ ಮಾರಾಟ ಮಾಡಿ ದುಡ್ಡು ಮಾಡುವ ಆಸೆಯಲ್ಲಿದ್ದರೆ ಪಿಎಂ-ವಾಣಿ ಯೋಜನೆಯ ದಾರಿ ಇದೆ. ಅದರಲ್ಲಿ ಸಣ್ಣ ಮಳಿಗೆಯವರಿಗೂ ಲೈಸೆನ್ಸ್ ಇಲ್ಲದೆ ವೈಫೈ ಕೊಡಲು ಅವಕಾಶವಿದೆ, ಬಳಕೆದಾರರನ್ನು ಗುರುತಿಸುವ ಕೆಲಸ ಮೇಲಿನ ಸಂಸ್ಥೆ ಮಾಡುತ್ತದೆ.

ಕೊನೆಗೆ ನಿಮ್ಮ ಫ್ರಾಂಚೈಸಿ ಕಾಗದ. ಅದನ್ನು ತೆಗೆದು ಓದಿ. ನಾನು ನೋಡಿದ ಇಂಥ ಒಪ್ಪಂದಗಳಲ್ಲಿ ಆದಾಯ ಹಂಚಿಕೆಗೆ ಪುಟಗಟ್ಟಲೆ ಇರುತ್ತದೆ, ಲಾಗ್ ಯಾರು ಇಡಬೇಕು ಎಂಬುದಕ್ಕೆ ಒಂದು ಸಾಲೂ ಇರುವುದಿಲ್ಲ. ಕೆಲವೊಂದರಲ್ಲಿ ಇರುತ್ತದೆ, ಆದರೆ ಎಲ್ಲ ಹೊಣೆಯೂ ಆಪರೇಟರದ್ದೇ ಎಂದು. ಲೈಸೆನ್ಸ್ ಕಂಪನಿಯ ಹೆಸರಿನಲ್ಲಿದೆ, ಸರ್ಕಾರದ ಮುಂದೆ ಮೊದಲ ಹೊಣೆಯೂ ಅವರದ್ದೇ. ನ್ಯಾಟ್ ಎಲ್ಲಿ ಆಗುತ್ತಿದೆ ಎಂದು ಕೇಳಿ. ಬೆಂಗಳೂರಿನಲ್ಲಾದರೆ ಲಾಗ್ ಅವರಲ್ಲಿದೆ. ನಿಮ್ಮೂರಿನ ರೂಟರಿನಲ್ಲಾದರೆ ಅದು ನಿಮ್ಮ ಕೈಯಲ್ಲೇ ಇದೆ, ಬಹುಶಃ ಯಾರೂ ಉಳಿಸುತ್ತಿಲ್ಲ. ಕಂಪನಿಯ ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ನಿಮ್ಮ ಜಿಲ್ಲೆಗೆ ಅನ್ವಯಿಸುತ್ತದಾ ಎಂದೂ ನೋಡಿ. ಎ ವರ್ಗದ್ದು ಇಡೀ ದೇಶಕ್ಕೆ, ಬಿ ಒಂದು ಟೆಲಿಕಾಂ ವೃತ್ತಕ್ಕೆ, ಸಿ ಅದಕ್ಕಿಂತ ಸಣ್ಣ ಪ್ರದೇಶಕ್ಕೆ ಎಂಬುದು ರೂಢಿಯಲ್ಲಿರುವ ವಿಂಗಡಣೆ. ಲೈಸೆನ್ಸೇ ಇಲ್ಲದ ಲೈನನ್ನು ಹಂಚುತ್ತಿದ್ದರೆ ಮೇಲೆ ಹೇಳಿದ 42ನೇ ಸೆಕ್ಷನ್ ಅದಕ್ಕೂ ಅನ್ವಯಿಸುತ್ತದೆ, ಅಷ್ಟೇ ಜೈಲು, ಅಷ್ಟೇ ದಂಡ.

ನಿಮ್ಮ ಮುಂದೆ ಎರಡು ದಾರಿ ಇವೆ. ಒಂದು, ಇದೇ ಫ್ರಾಂಚೈಸಿಯಲ್ಲಿ ಉಳಿದು, ಲಾಗ್, ಕೆವೈಸಿ, ನೋಟಿಸಿಗೆ ಉತ್ತರ, ವಕೀಲರ ಖರ್ಚು ಯಾರದ್ದು ಎಂದು ಪೂರಕ ಒಪ್ಪಂದ ಬರೆಸಿಕೊಳ್ಳುವುದು. ಕಂಪನಿ ಒಪ್ಪದೇ ಇರಬಹುದು. ಒಪ್ಪಿಸಲು ಒಳ್ಳೆಯ ಹೊತ್ತು ಇದೇ, ಏಕೆಂದರೆ ನೋಟಿಸ್ ನಿಮ್ಮ ಕೈಯಲ್ಲಿದೆ, ಲೈಸೆನ್ಸ್ ಅವರದ್ದು. ಇನ್ನೊಂದು, ಸ್ವಂತ ಲೈಸೆನ್ಸ್. ಹಣ ಜಾಸ್ತಿ ಉಳಿಯುತ್ತದೆ ಎಂದು ಆಸೆ ಹುಟ್ಟಿಸುವವರು ಬಹಳ ಜನ ಇದ್ದಾರೆ. ಆದರೆ ಆಗ ಎರಡು ವರ್ಷದ ದಾಖಲೆ, ಇಲಾಖೆಯ ವರದಿ, ತಾಣ ನಿರ್ಬಂಧ, 6 ಗಂಟೆಯೊಳಗೆ ಸೈಬರ್ ಘಟನೆ ವರದಿ ಮಾಡುವ ಕೆಲಸ, ಎಲ್ಲವೂ ನೇರ ನಿಮ್ಮ ತಲೆಗೆ. 600 ಕನೆಕ್ಷನ್‌ಗೆ ಅದು ಭಾರ ಎಂದು ನನ್ನ ಅಭಿಪ್ರಾಯ. ಅಕ್ಕಪಕ್ಕದ ಆಪರೇಟರುಗಳು ಸೇರಿ ಒಂದೇ ಕಂಪನಿ ಮಾಡಿಕೊಳ್ಳುವುದಾದರೆ ಯೋಚಿಸಬಹುದು.

ಯಾವ ದಾರಿ ಹಿಡಿದರೂ ಒಂದು ಕೆಲಸ ಬಿಡುವಂತಿಲ್ಲ. 2021ರ ನಿಯಮಗಳು ಕೇಳುವ ಎಚ್ಚರದಲ್ಲಿ ಬಳಕೆಯ ಷರತ್ತುಗಳನ್ನು ಪ್ರಕಟಿಸುವುದು, ಮೂರು ತಿಂಗಳಿಗೊಮ್ಮೆಯಾದರೂ (2026ರ ತಿದ್ದುಪಡಿಗೆ ಮೊದಲು ವರ್ಷಕ್ಕೊಮ್ಮೆ ಇತ್ತು) ಅವನ್ನು ಗ್ರಾಹಕರಿಗೆ ನೆನಪಿಸುವುದು, ದೂರು ಅಧಿಕಾರಿಯ ಹೆಸರು ಮತ್ತು ಸಂಪರ್ಕ ಹಾಕುವುದು ಇವೆ. ಇವನ್ನು ಮಾಡದಿದ್ದರೆ 79ರ ರಕ್ಷಣೆಯೇ ಕೈತಪ್ಪಬಹುದು. ಷರತ್ತುಗಳನ್ನು ಕನ್ನಡದಲ್ಲೂ ಕೊಡಬಹುದು, 2022ರ ತಿದ್ದುಪಡಿಯಲ್ಲಿ ಅದಕ್ಕೆ ಜಾಗವಿದೆ. ಬಿಲ್ಲಿನ ಹಿಂಬದಿಯಲ್ಲಿ ಅಚ್ಚು ಹಾಕಿಸಿ, ವಾಟ್ಸಾಪಿನಲ್ಲೂ ಒಮ್ಮೆ ಕಳಿಸಿ.

ಸದ್ಯಕ್ಕೆ ನೋಟಿಸಿನ ಪ್ರತಿಯನ್ನು ಇವತ್ತೇ ಕಂಪನಿಗೆ ಇಮೇಲ್ ಮಾಡಿ, ಲಾಗ್ ಉಳಿಸಿಡಲು ಬರವಣಿಗೆಯಲ್ಲಿ ಕೇಳಿ. ಆ ಇಮೇಲಿನ ಪ್ರಿಂಟನ್ನು ಠಾಣೆಗೆ ಕೊಡುವ ಉತ್ತರದ ಜೊತೆ ಲಗತ್ತಿಸಿ. ಉತ್ತರದ ಇನ್ನೊಂದು ಪ್ರತಿಯ ಮೇಲೆ ಠಾಣೆಯ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ.